ಆರನೆಯ ಮುದ್ದೆ

ಮೊನ್ನೆ ಕಡೂರು ಬಸ್ ಸ್ಟ್ಯಾಂಡಿನ ಪಕ್ಕದ ಮೆಸ್ಸಿನಲ್ಲಿ ಹಿಟ್ಟು ತೊಳಸುತ್ತಿದ್ದರು. ರಾಗಿ ಬೇಯುವ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಊಟಕ್ಕೆ ಕೂತವಳು ಎದ್ದು ಹೊರಗೆ ಬಂದುಬಿಟ್ಟೆ. ಯಗಟಿ ಬಸ್ಸು ಹೊರಡುವುದರಲ್ಲಿತ್ತು. ಹತ್ತಲೇ, ಬೇಡವೇ... ಹತ್ತಲಿಲ್ಲ. ಅಕ್ಕನ ನೆನಪು ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಅಂಗವಿಕಲ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಕೆಲಸ ಹಿಡಿಸಿಕೊಡುವ ಸಣ್ಣದೊಂದು ಸಂಸ್ಥೆಯನ್ನು ಕಡೂರಿನಲ್ಲಿ ನಡೆಸುತ್ತಿದ್ದರು. ಪೋಲಿಯೋದಿಂದ ಅವರದೇ ಒಂದು ಕಾಲು ಸೋತಿತ್ತು. ಕಂಕುಳಲ್ಲಿ ಊರುಗೋಲಿಟ್ಟುಕೊಂಡೇ ನನಗಿಂತ ಜೋರಾಗಿ ನಡೆಯುತ್ತಿದ್ದರು. ನಾನಾಗ ಬಿ.ಎ. ಮುಗಿಸಿ ಅವರ ಹತ್ತಿರ ಕೆಲಸಕ್ಕೆ ಸೇರಿದ್ದೆ. ಎಲ್ಲ ಗೊತ್ತು ಎನ್ನುವ ಕೊಬ್ಬು ಬೇರೆ.

ಹಳ್ಳಿಗಳಿಗೆ ಹೋಗಿ ಅಂಥ ಮಕ್ಕಳು ಇದ್ದಾರೆಯೇ ಎಂದು ಕೇಳಿದರೆ ಯಾರೂ ಬಾಯಿಬಿಡುತ್ತಿರಲಿಲ್ಲ. ಉಳಿದವರ ಮದುವೆಗೆ ಅಡ್ಡಿಯಾದೀತೆಂದು ಅವರನ್ನು ಒಳಕೋಣೆಯಲ್ಲೇ ಇಟ್ಟಿರುತ್ತಿದ್ದರು. ಅಕ್ಕ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ನೀರು ಕುಡಿದು, ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸಿ, ಮಳೆ ಬೆಳೆ ಮಾತಾಡಿ, ಕೊನೆಗೆ ಮಧ್ಯಾಹ್ನಕ್ಕೆ ಎಷ್ಟು ಮುದ್ದೆ ಕಟ್ಟುತ್ತೀಯವ್ವ ಎನ್ನುತ್ತಿದ್ದರು. ಜನದ ಲೆಕ್ಕದಲ್ಲಿ ಒಬ್ಬರನ್ನು ಬಿಡುವ ತಾಯಿ ಮುದ್ದೆಯ ಲೆಕ್ಕದಲ್ಲಿ ಬಿಡುತ್ತಿರಲಿಲ್ಲ. ಒಂದು ಹೆಚ್ಚು ಬಂದರೆ ಅಕ್ಕ ಏನೂ ಅನ್ನದೆ ಎದ್ದು ಬರುತ್ತಿದ್ದರು. ಮುಂದಿನ ವಾರ ಆ ತಾಯಿ ಒಬ್ಬಳೇ ಇದ್ದಾಗ ಹೋಗಿ ಮೆಲ್ಲಗೆ ಮಾತು ತೆಗೆಯುತ್ತಿದ್ದರು.

ಒಮ್ಮೆ ಅಕ್ಕನಿಗೆ ಹುಷಾರಿರಲಿಲ್ಲ. ಯಗಟಿ ಕಡೆಯ ಒಂದು ಹಳ್ಳಿಗೆ ನಾನೊಬ್ಬಳೇ ಹೋದೆ. ಒಂದು ಮನೆಯ ಬಾಗಿಲಲ್ಲಿ ಹತ್ತಾರು ಜೊತೆ ಚಪ್ಪಲಿ ಇದ್ದವು. ಒಳಗಿಂದ ಕೇಸರಿಬಾತಿನ ಘಮ. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು, ನನಗೆ ಸಾಕಾಗಲಿಲ್ಲ. ಹೊರಗೆ ಬಂದ ತಾಯಿಯನ್ನು ನಿಲ್ಲಿಸಿಕೊಂಡು ಕಲಿತ ಪಾಠ ಒಪ್ಪಿಸುವವಳಂತೆ ಮುದ್ದೆ ಎಷ್ಟು ಎಂದೆ. ಆಕೆ ಗಡಿಬಿಡಿಯಲ್ಲಿ ಆರು ಎಂದಳು.

ಕಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ನಡುಮನೆಯಿಂದ ಅವರ ಕಡೆಯ ಹಿರಿಯಾಕೆಯ ದನಿ ಬಂತು.

"ಐದೇ ಜನ ಅಂದ್ರಲ್ಲ. ಇನ್ನೊಂದು ಮುದ್ದೆ ಯಾರಿಗೆ?"

ತಾಯಿ ತಿರುಗಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಸ್ವಲ್ಪ ಹೊತ್ತಿಗೆ ಬಂದವರು ಎದ್ದು ಹೋದರು, ಸಂಬಂಧ ಮುರಿಯಿತು. ಹಿರಿಯ ಮಗಳೊಬ್ಬಳು ಒಳಕೋಣೆಯಲ್ಲಿ ಇದ್ದಳು, ಎರಡೂ ಕಾಲಲ್ಲಿ ಬಲವಿರಲಿಲ್ಲ. ಅವಳಿಗೆ ಬಾಗಿಲು ತೆರೆಸಲು ಹೋದ ನಾನು ಇನ್ನೊಂದು ಚಿಲಕ ಹಾಕಿ ಬಂದಿದ್ದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಹೋಗಿ ಕ್ಷಮೆ ಕೇಳಿದರು. ಆ ಮನೆಯ ಯಜಮಾನ ನಮ್ಮ ಮುಖಕ್ಕೇ ಬಾಗಿಲು ಹಾಕಿಕೊಂಡ. ಮುಂದಿನ ವಾರವೂ ಹೋದೆವು, ಅದರ ಮುಂದಿನ ವಾರವೂ. ಮುಚ್ಚಿದ ಬಾಗಿಲಿನ ಜಗಲಿಯಲ್ಲಿ ಕೂತು ಅಕ್ಕ ಕಿಟಕಿಗೆ ಕೇಳಿಸುವಂತೆ ಮಾತಾಡುತ್ತಿದ್ದರು. ನಮ್ಮಲ್ಲಿ ಯಾರು ರವಿಕೆಯ ತೋಳು ತಿರುಗುಮುರುಗು ಹೊಲಿದರು, ಮೆಟ್ಟಿಲು ಒಡೆಸಿ ಇಳಿಜಾರು ಹಾಕಿಸಿದ್ದು, ಯಾವ ಕಂಡಕ್ಟರ್ ಕಾದು ಹತ್ತಿಸಿಕೊಳ್ಳುತ್ತಾನೆ... ನನಗೆ ನಾಚಿಕೆಯಾಗಿ ಎದ್ದೆದ್ದು ರಸ್ತೆಗೆ ಹೋಗುತ್ತಿದ್ದೆ.

"ಕೂತ್ಕೊ ಕಣೇ. ಒಳಗೆ ಕೇಳ್ತಾವ್ಳೆ," ಎನ್ನುತ್ತಿದ್ದರು.

ಹೀಗೇ ಒಂದು ಬೇಸಿಗೆ ಕಳೆಯಿತು. ಅಕ್ಕನ ಕಾಯಿಲೆ ನಾವಂದುಕೊಂಡಂತೆ ಸಣ್ಣದಾಗಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಹೋಗಿಬಿಟ್ಟರು. ಆಮೇಲೆ ಆ ಊರಿನ ಕಡೆ ನಾನು ತಲೆ ಹಾಕಲಿಲ್ಲ. ಕೆಲಸ ಜಾಸ್ತಿ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ನಿಜವೆಂದರೆ, ಅಕ್ಕ ಇಲ್ಲದೆ ಆ ಜಗಲಿಯಲ್ಲಿ ಕೂರುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಸಂಸ್ಥೆಯ ಮುಂದೆ ಒಂದು ಆಟೋ ನಿಂತಿತು. ಅದೇ ತಾಯಿ. ಮಗಳನ್ನು ತಬ್ಬಿ ಹಿಡಿದು ಇಳಿಸಿದಳು. ಹುಡುಗಿ ಕೈಯೂರಿ ತಾನೇ ಒಳಗೆ ಬಂದಳು. ಬಂದು ಒಬ್ಬೊಬ್ಬರನ್ನೇ ನೋಡಿದಳು.

"ಜಗ್ಲಿ ಮೇಲೆ ಕೂತು ಮಾತಾಡೋರು ಯಾರು? ನಾನು ಮುಖ ನೋಡಿಲ್ಲ. ಒಸಿ ಮಾತಾಡಿ, ದನಿ ಗುರ್ತು ಹಿಡೀತೀನಿ."

ಮಷಿನ್‌ಗಳೆಲ್ಲ ನಿಂತವು. ನಾನು ವಿಷಯ ಹೇಳಿದೆ. ಯಾವಾಗ ಎಂದು ಕೇಳಿದಳು, ಅದನ್ನೂ ಹೇಳಿದೆ. ಬೆರಳು ಮಡಿಸಿ ವಾರಗಳ ಲೆಕ್ಕ ಹಾಕಿ, ನೆಲ ನೋಡುತ್ತ ಅಂದಳು:

"ನಾನು ವಾರವಾರ ಕಿಟಕಿ ಹತ್ರ ಕಾಯ್ತಿದ್ದೆ. ಯಾರೂ ಬಂದು ಹೇಳ್ಲೇ ಇಲ್ವಲ್ಲ."

ಈಗ ನಮ್ಮಲ್ಲಿ ಕಟಿಂಗ್ ಕ್ಲಾಸು ಅವಳದೇ. ತಂಗಿಗೂ ಮದುವೆಯಾಯಿತು. ಎಲ್ಲ ಸರಿಹೋಯಿತಲ್ಲ ಎಂದು ಜನ ನನಗೆ ಸಮಾಧಾನ ಹೇಳುತ್ತಾರೆ. ನನ್ನ ಮೇಜಿನಿಂದ ಅವಳ ಮೇಜಿಗೆ ಹತ್ತು ಹೆಜ್ಜೆಯೂ ಇಲ್ಲ. ಹೆದರಿ ಬರಲಿಲ್ಲ ಕಣೇ ಎಂದು ಹೇಳಬೇಕೆಂದು ದಿನಾ ಏಳುತ್ತೇನೆ, ಮತ್ತೆ ಕೂರುತ್ತೇನೆ. ಅಕ್ಕ ಹೋದದ್ದು ಯಾರ ತಪ್ಪೂ ಅಲ್ಲ. ಆ ಎರಡು ತಿಂಗಳು ಮಾತ್ರ ನನ್ನದು.