ಇಪ್ಪತ್ತೆಂಟು ಪಾದ ಹಿಂದಿನ ಪಟ್ಟಿ

ಹುಡುಗಿಯರು ಬೆನ್ನ ಹಿಂದೆ ಅವಳನ್ನು ‘ಪಟ್ಟಿ ಮೇಡಂ’ ಎನ್ನುತ್ತಿದ್ದರು. ಕ್ರೀಡಾಂಗಣದಲ್ಲಿ ರಿಲೇ ಓಟ ಕಲಿಸುವ ಕೋಚ್ ಅವಳು. ಹುಡುಗಿಯರು ಬೇರೆ ಏನೇ ತಪ್ಪು ಮಾಡಿದರೂ ಗೊಣಗಿ ಸುಮ್ಮನಾಗುತ್ತಿದ್ದಳು. ಟ್ರ್ಯಾಕಿಗೆ ಅಂಟಿಸುವ ಗೇಣುದ್ದದ ಪಟ್ಟಿಯ ವಿಷಯ ಬಂದರೆ ಮಾತ್ರ ಕೆಂಡಾಮಂಡಲ.

“ಓಡೋ ಶೂ ಹಾಕ್ಕೊಂಡೇ ಅಳೀರಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?”

ಲೆಕ್ಕವೇನೋ ಸರಳ. ಕೋಲು ಪಡೆಯುವವಳು ತಾನು ನಿಲ್ಲುವ ಜಾಗದಿಂದ ಹಿಂದಕ್ಕೆ, ಪಾದಕ್ಕೆ ಪಾದ ತಾಗಿಸಿ ಇಪ್ಪತ್ತೆಂಟು ಎಣಿಸಿ ಪಟ್ಟಿ ಅಂಟಿಸುತ್ತಾಳೆ. ಕೋಲು ತರುವವಳು ಅದನ್ನು ತುಳಿದ ಕ್ಷಣವೇ ಇವಳು ತಿರುಗಿ ನೋಡದೆ ಓಟ ಕೀಳಬೇಕು.

ಇಪ್ಪತ್ತೈದು ವರ್ಷದ ಹಿಂದೆ, ನಾಲ್ಕು ವರ್ಷಕ್ಕೊಮ್ಮೆ ಹತ್ತಾರು ದೇಶಗಳು ಸೇರುವ ಕ್ರೀಡಾಕೂಟದ ಫೈನಲ್‌ನಲ್ಲಿ ಮೂರನೇ ಓಟಗಾರ್ತಿ ಅವಳ ಸ್ವಂತ ಅಕ್ಕ, ಕೊನೆಯವಳು ಇವಳು. ಪದಕ ಇನ್ನೇನು ಕೈಗೆ ಬಂತು ಅನ್ನುವಷ್ಟರಲ್ಲಿ ಅಕ್ಕ ಕೈ ಚಾಚಿದಳು, ತಂಗಿ ಸಿಗಲೇ ಇಲ್ಲ. ಕೋಲು ಕೈ ಬದಲಾಗುವ ಮೊದಲೇ, ಅದಕ್ಕೆಂದು ಗುರುತಿಸಿದ ಜಾಗದ ಕೊನೆಯ ಗೆರೆ ದಾಟಿಹೋಯಿತು, ತಂಡ ಅನರ್ಹ. ಮೂರನೆಯವಳಿಗೆ ದಮ್ಮು ಸಾಲಲಿಲ್ಲ ಎಂದರು ಎಲ್ಲರೂ. ಅಕ್ಕ ತಂಡದಿಂದ ಹೊರಬಿದ್ದು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತಳು, ತಂಗಿಯೊಡನೆ ಮಾತು ಬಿಟ್ಟಳು. ತಂಗಿಗೆ ಕೋಚ್ ಕೆಲಸ ಸಿಕ್ಕಿತು. ಅಯ್ಯೋ, ಎಂಥ ನ್ಯಾಯ!

ನಡೆದದ್ದು ಇಷ್ಟೇ. ತಂಡಕ್ಕೆಂದು ಬಂದ ಬಿಳಿ ಶೂ ತಂಗಿಗೆ ಎರಡು ಸೈಜು ದೊಡ್ಡದಿತ್ತು. ಹುಟ್ಟಿದಾರಭ್ಯ ಹೊಸ ಶೂ ಕಾಣದವಳು, ತುದಿಗೆ ಹತ್ತಿ ತುರುಕಿ ಹಾಕಿಕೊಂಡಳು. ಬಿಚ್ಚಲು ಮನಸ್ಸು ಬರದೆ ಅದರಲ್ಲೇ ಇಪ್ಪತ್ತೆಂಟು ಪಾದ ಅಳೆದಳು. ಓಡಿದ್ದು ತನ್ನ ಹಳೇ ಮುಳ್ಳಿನ ಶೂನಲ್ಲಿ. ಪಟ್ಟಿ ಒಂದು ಮೊಳ ಹಿಂದೆ ಬಿದ್ದಿತ್ತು, ಹಾಗಾಗಿ ಅವಳೇ ಬೇಗ ಓಟ ಕಿತ್ತಿದ್ದಳು. ಅಂದು ಸಂಜೆಯೇ ಅವಳಿಗೆ ಇದು ಹೊಳೆಯಿತು. ಹೇಳಲು ಬಾಯಿ ಬರಲಿಲ್ಲ.

ಈಗ ಕ್ರೀಡಾ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಕರಡು ತಿದ್ದಲು ಅವಳ ಕೈಗೇ ಬಂತು. ಆ ಫೈನಲ್ ಬಗ್ಗೆ ‘ಮೂರನೇ ಓಟಗಾರ್ತಿ ದಣಿದದ್ದರಿಂದ’ ಎಂಬ ಸಾಲು ಅದರಲ್ಲಿತ್ತು. ಅದನ್ನು ಹೊಡೆದುಹಾಕಿದರೆ ಅಕ್ಕ ಮತ್ತೆ ಮಾತಾಡಿಯಾಳು ಎಂಬ ಆಸೆ ಹೊತ್ತು, ಕರಡು ಹಿಡಿದು ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತಳು.

“ಅಕ್ಕಾ, ಅವತ್ತು ತಪ್ಪು ನಂದು. ಹೊಸ ಶೂ ಹಾಕ್ಕೊಂಡು ಅಳ್ದಿದ್ದೆ ಕಣೇ. ಈ ಸ್ಮರಣ ಸಂಚಿಕೇಲಿ ನಿಜ ಬರೆಸ್ತೀನಿ.”

ಅಕ್ಕ ತಲೆ ಎತ್ತಲಿಲ್ಲ. “ಗೊತ್ತು. ನೀನು ಅಳೀತಿದ್ದಾಗ ನೋಡ್ದೆ. ಆಮೇಲೆ ಸರಿಯಾಗಿ ಇನ್ನೊಂದ್ಸಲ ಅಳೀತೀಯ ಅಂದ್ಕೊಂಡೆ.”

“ಮತ್ತೆ ಯಾಕೇ ಯಾರಿಗೂ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಅಮ್ಮ ಹೋದ ದಿನಾನೂ ಕಾದೆ. ‘ಇನ್ನೊಂಚೂರು ಜೋರಾಗಿ ಓಡಬಾರ್ದಿತ್ತೇನೇ’ ಅಂತ ನನ್ನ ಕೇಳ್ತಾನೇ ಕಣ್ಣು ಮುಚ್ಚಿದ್ಲು. ನೀನು ಅವಳ ಕಾಲ ಹತ್ರಾನೇ ಕೂತಿದ್ದೆ.”

ಕರಡಿನ ಹಾಳೆ ತಂಗಿಯ ಕೈಯಲ್ಲೇ ಮುದ್ದೆಯಾಗಿತ್ತು.

“ಬರೆಸ್ಕೊ ಹೋಗು,” ಎಂದಳು ಅಕ್ಕ. “ಓದಬೇಕಾಗಿದ್ದವಳು ಇಲ್ಲ. ಪಕ್ಕಕ್ಕೆ ನಿಲ್ಲು, ಹಿಂದೆ ಜನ ಇದಾರೆ.”