ಹಡಪಸರದ ಭಾಷಣ, ದೌಂಡದಾಚೆಯ ತೋಳ

ಧಾರವಾಡದಲ್ಲಿ ನಾನು ಪುಣೆಯ ರೈಲು ಹತ್ತಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಜನವರಿಯ ಚಳಿ. ಚೀಲದಲ್ಲಿ ಎರಡು ಸೀರೆ, ದುರ್ಬೀನು, ಕ್ಯಾಮೆರಾ, ಲ್ಯಾಪ್‌ಟಾಪು, ಮೇಲೆ ನಾಲ್ಕು ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದವು. ಹುಲ್ಲುಗಾವಲಿನ ಪ್ರಾಣಿಗಳ ಬಗ್ಗೆ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಓದುವವರಿಗಿಂತ ಕೇಳುವವರು ಹೆಚ್ಚಾದ್ದರಿಂದ ಈಚೆಗೆ ಊರೂರು ತಿರುಗಿ ಭಾಷಣ ಮಾಡುವುದೂ ಕೆಲಸವಾಗಿದೆ. ಈ ಸಲ ಪುಣೆಯ ಕನ್ನಡ ಬಳಗವೊಂದು ತೋಳಗಳ ಬಗ್ಗೆ ಮಾತಾಡಲು ಕರೆದಿತ್ತು.

ಬಳಗದ ಕಾರ್ಯದರ್ಶಿ ಮಳಗಿಯವರು ಫೋನಿನಲ್ಲಿ ಮೂರು ಸಲ ಒಂದೇ ಮಾತು ಕೇಳಿದ್ದರು: “ತೋಳದ ಮರೀ ಫೋಟೋ ತೋರಸ್ತೀರೇನ್ರಿ? ಜನಾ ಭಾಳ ಬರ್ತಾರ್ರಿ.” ಒಂದು ಸಲ ಕೇಳಿದ್ದರೆ ಉತ್ಸಾಹ ಅಂದುಕೊಳ್ಳುತ್ತಿದ್ದೆ. ಮೂರು ಸಲ ಕೇಳಿದ್ದಕ್ಕೆ ಅನುಮಾನ ಬಂತು. ಹಿಂದೊಮ್ಮೆ ಬೇರೊಂದು ಊರಿನ ಭಾಷಣದಲ್ಲಿ ಗೂಬೆಯ ಗೂಡಿದ್ದ ಮರದ ಗುರುತು ಹೇಳಿಬಿಟ್ಟಿದ್ದೆ. ವಾರದೊಳಗೆ ಆ ಮರದ ಕೆಳಗೆ ಕ್ಯಾಮೆರಾದವರ ಜಾತ್ರೆ ನೆರೆದು, ಗೂಬೆಗಳು ಮೊಟ್ಟೆ ಬಿಟ್ಟು ಹೋದವು. ಅಂದಿನಿಂದ ಗೂಡು, ಗವಿ, ಮರಿ ಎಲ್ಲಿವೆಯೆಂದು ದೇವರು ಬಂದು ಕೇಳಿದರೂ ಹೇಳುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಕೇಳುವವರನ್ನೆಲ್ಲ ಕಳ್ಳರಂತೆ ನೋಡುವ ಚಾಳಿಯೂ ಅಂದೇ ಅಂಟಿತು.

ರೈಲು ಬೆಳಗಾವಿ, ಮೀರಜ, ಸಾತಾರಾ ದಾಟಿ ಮಧ್ಯಾಹ್ನ ಪುಣೆ ಸೇರಿತು. ಮಳಗಿಯವರು ನಿಲ್ದಾಣಕ್ಕೆ ಬಂದಿದ್ದರು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಮಾತಿನಲ್ಲಿ ಊರು ಹಾಗೆಯೇ ಉಳಿದಿದೆ. ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳವಾಡಿ, ನನ್ನ ಕಡೆ ತಿರುಗಿ, “ಕುಂಡರ್ರಿ, ಕುಂಡರ್ರಿ” ಎಂದರು. ಅವರ ಮನೆ ಇರುವ ಹಡಪಸರಕ್ಕೆ ಹತ್ತು ಕಿಲೋಮೀಟರೂ ಇಲ್ಲ, ಆದರೆ ಮುಟ್ಟಲು ಒಂದು ಗಂಟೆ ಹಿಡಿಯಿತು. ಅರ್ಧ ಹೊತ್ತು ಒಂದು ಸಿಮೆಂಟ್ ಲಾರಿಯ ಬೆನ್ನು ನೋಡುತ್ತಾ ಕೂತಿದ್ದೆ.

ಮನೆಯಲ್ಲಿ ರಮ್ಯಾ ಎಂಬಾಕೆ ಕಾಯುತ್ತಿದ್ದಳು. ಹಾಸನದವಳು, ಹತ್ತಿರದ ಐಟಿ ಕಚೇರಿಯಲ್ಲಿ ಕೆಲಸ, ವಯಸ್ಸು ಮೂವತ್ತೈದರ ಆಸುಪಾಸು. ಬಳಗದ ಕಾರ್ಯಕ್ರಮಗಳ ಫೋಟೋ, ವಿಡಿಯೋ ಎಲ್ಲ ಅವಳದೇ. ಕುರ್ಚಿಯ ಪಕ್ಕದಲ್ಲಿದ್ದ ಅವಳ ಚೀಲದಿಂದ ಮೊಳದುದ್ದದ ಲೆನ್ಸು ಇಣುಕುತ್ತಿತ್ತು. ಮದುವೆ, ಹುಟ್ಟುಹಬ್ಬದ ಫೋಟೋಗೆ ಅಂಥ ಲೆನ್ಸು ಯಾರಿಗೂ ಬೇಡ.

“ಮೇಡಂ, ನಾಳೆ ಬೆಳಿಗ್ಗೆ ನೀವು ದೌಂಡ್ ಕಡೆ ಹೋಗ್ತೀರಂತೆ. ನಾನು ಡ್ರಾಪ್ ಮಾಡ್ತೀನಿ. ಸಂಡೇ ಅಲ್ವಾ, ಫ್ರೀ ಇದೀನಿ” ಎಂದಳು.

“ದೌಂಡದ ಸ್ಟೇಶನ್ನಿನ ತನಕ ಸಾಕು” ಎಂದೆ. “ಅಲ್ಲಿಂದ ಮುಂದೆ ನಾನೇ ಹೋಗುತ್ತೇನೆ.”

“ಒಬ್ಬರೇನಾ?”

“ಒಬ್ಬಳೇ.”

ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಸೋಲಾಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಯವತದ ಹತ್ತಿರ ನಿಂತು ತೊಂಬತ್ತು ರೂಪಾಯಿಯ ಮಿಸಳ, ಮೊಳಕೆಕಾಳಿನ ಖಾರದ ಉಸಳಿ, ತಿಂದೆವು. ಅದರ ಕೆಂಪೆಣ್ಣೆಗೆ ನನ್ನ ಕಣ್ಣು ಮೂಗು ಎರಡೂ ಸುರಿದವು. ರಮ್ಯಾ ನಗುತ್ತಲೇ ನನಗೆ ನೀರು ಕೊಟ್ಟಳು. ನಡುವೆ ತೋಳಗಳ ಬಗ್ಗೆ ಕೇಳುತ್ತಿದ್ದಳು: ಎಷ್ಟು ಮರಿ, ಗಂಡು ಬೇಟೆ ತರುತ್ತದೆಯೇ, ಗವಿ ಪ್ರತಿ ವರ್ಷ ಒಂದೇ ಇರುತ್ತದೆಯೇ. ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. ಏನೂ ಗೊತ್ತಿಲ್ಲದವಳು ಇಷ್ಟು ಚೆನ್ನಾಗಿ ಕೇಳುವುದಿಲ್ಲ ಎಂದು ನಾನು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ.

ದೌಂಡದಲ್ಲಿ ಇಳಿದು ಅವಳ ಕಾರು ತಿರುಗಿ ಹೋಗುವ ತನಕ ಚಹಾದ ಅಂಗಡಿಯಲ್ಲಿ ಕೂತಿದ್ದೆ. ಆಮೇಲೆ ನಲವತ್ತು ರೂಪಾಯಿ ಕೊಟ್ಟು ಹತ್ತು ಜನ ತುಂಬಿದ ರಿಕ್ಷಾದಲ್ಲಿ ಕೂತೆ. ಎಲ್ಲಿಗೆ, ಎಷ್ಟು ದೂರ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ. ಅಲ್ಲಿ ನನ್ನನ್ನು ಕಾಯುತ್ತಿದ್ದ ಕುರಿಗಾರನನ್ನು ಮಾಳಪ್ಪ ಎಂದು ಕರೆಯುತ್ತೇನೆ. ಅವನ ನಿಜವಾದ ಹೆಸರು ಅದಲ್ಲ.

ಮಾಳಪ್ಪ ಗಡಿಭಾಗದ ಜತ್ತದ ಕಡೆಯವನು, ಕನ್ನಡ ಮಾತಾಡುತ್ತಾನೆ. ಎರಡು ವರ್ಷದ ಹಿಂದೆ ಮೊದಲ ಸಲ ಭೇಟಿಯಾದಾಗ, ಮರಾಠಿ ಮುಲುಕಿನ ನಟ್ಟನಡುವೆ ಕನ್ನಡ ಕೇಳಿ ಅವನ ಮುಖ ಅರಳಿತ್ತು. ತೋಳದ ಗವಿಯನ್ನು ನನಗೆ ತೋರಿಸಿದವನೂ ಅವನೇ. ಯಾರಿಗೂ ಹೇಳಬೇಡ ಎಂದು ನಾನು ಕೇಳಿಕೊಂಡಾಗ ಅವನು ಕುರಿಗಾರರ ರೂಢಿಯಂತೆ ಭಂಡಾರದ ಚೀಲದಿಂದ ಅರಿಸಿನ ತೆಗೆದು ಹಣೆಗೆ ಮುಟ್ಟಿಸಿ ಆಣೆ ಮಾಡಿದ್ದ. ಈ ವರ್ಷ ತೋಳ ಅವನ ಎರಡು ಕುರಿಮರಿಗಳನ್ನು ಎತ್ತಿಕೊಂಡು ಹೋಗಿತ್ತು. ಪಕ್ಕದ ವಸ್ತಿಯವರು, ಹೊಲದಲ್ಲೇ ಮನೆ ಮಾಡಿಕೊಂಡವರು, ಗವಿ ಹುಡುಕಿ ಹೊಗೆ ಹಾಕಲು ಹೊರಟಾಗಲೂ ಅವನು ಬಾಯಿ ಬಿಟ್ಟಿರಲಿಲ್ಲ.

“ನನ್ನ ಹೇಣ್ತಿಗೂ ಹೇಳಿಲ್ರಿ ಬಾಯಿ” ಎಂದ. ಅವನು ಮರಾಠಿಯವರಂತೆ ನನ್ನನ್ನು ‘ಬಾಯಿ’ ಎಂದೇ ಕರೆಯುತ್ತಾನೆ. “ಅಕಿ ನಾ ಎಲ್ಲೋ ಜೂಜಾಡಾಕ ಹೊಕ್ಕೀನಂತ ತಿಳದಾಳ.”

ಹಳ್ಳದ ದಂಡೆಯ ಈಚೆ, ಗವಿಯಿಂದ ಬಹಳ ದೂರದಲ್ಲಿ, ಒಣಹುಲ್ಲಿನಲ್ಲಿ ಮಲಗಿ ನೋಡಿದೆವು. ಬಿಸಿಲು ಏರುತ್ತಿದ್ದಂತೆ ಮೂರು ಮರಿಗಳು ಹೊರಬಂದವು. ಒಂದು ಇನ್ನೊಂದರ ಬಾಲ ಎಳೆಯಿತು. ತಾಯಿ ಸುಮ್ಮನೆ ನಮ್ಮ ಕಡೆಯೇ ನೋಡುತ್ತಿತ್ತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಹಿನ್ನೆಲೆಯಲ್ಲಿ ಬೆಟ್ಟದ ಗೆರೆಯಾಗಲಿ ಕರೆಂಟಿನ ಕಂಬವಾಗಲಿ ಬೀಳದಂತೆ ನಾಲ್ಕು ಚಿತ್ರ ತೆಗೆದು ಎದ್ದೆ. ಕಬ್ಬಿನ ಗದ್ದೆ ಹೋದ ವರ್ಷಕ್ಕಿಂತ ಹತ್ತಿರ ಬಂದಿತ್ತು.

ಹಡಪಸರದ ಸಭಾಗೃಹದಲ್ಲಿ ಸಂಜೆ ಐದಕ್ಕೆ ಭಾಷಣ. ಇನ್ನೂರು ಕುರ್ಚಿ ತುಂಬಿ ಕೆಲವರು ಗೋಡೆಗೆ ಆತು ನಿಂತಿದ್ದರು. ನಾನು ಮೊದಲು ಮುಖಗಳನ್ನು ಓದಿದೆ. ಎರಡನೇ ಸಾಲಿನಲ್ಲಿ ಜೇಬು ಜೇಬಿನ ಹಸಿರು ಅಂಗಿ ತೊಟ್ಟ ನಾಲ್ವರು ಗಂಡಸರು, ಅಂಚಿನಲ್ಲಿ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿಕೊಂಡ ರಮ್ಯಾ. ಅನುಮಾನವೆಲ್ಲ ರಮ್ಯಾಳ ಮೇಲೆಯೇ ಇತ್ತು.

ಒಂದು ಗಂಟೆ ಮಾತಾಡಿದೆ. ಹುಲ್ಲುಗಾವಲೆಂದರೆ ಪಾಳುಭೂಮಿಯಲ್ಲ ಎಂದೆ, ಸಸಿ ನೆಡುವ ಉತ್ಸಾಹದಲ್ಲಿ ಅದನ್ನು ಕೊಲ್ಲಬೇಡಿ ಎಂದೆ. ಮರಿಗಳ ಚಿತ್ರ ಬಂದಾಗ ಸಭೆಯೆಲ್ಲ ಅಯ್ಯೋ ಅಂದಿತು. ಪ್ರಶ್ನೆಯ ಸಮಯದಲ್ಲಿ ಹಸಿರು ಅಂಗಿಯವರಲ್ಲೊಬ್ಬ ಎದ್ದು, “ಇದು ಎಲ್ಲಿ ಬರ್ತದ್ರಿ ಮೇಡಂ?” ಎಂದ.

“ಭೂಮಿಯ ಮೇಲೆ” ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕು ಕೂತ. ಗೆದ್ದೆ ಅಂದುಕೊಂಡೆ.

ಕೊನೆಗೆ ಸನ್ಮಾನ. ಮಳಗಿಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಹೊದಿಸಿಕೊಂಡವರು ಎರಡು ಮಾತಾಡಬೇಕು, ನೆರವಾದವರನ್ನು ನೆನೆಯಬೇಕು. ನಮ್ಮ ಸಭೆಗಳ ಪದ್ಧತಿ ಅದು. ಬೆಳಗಿನ ಹುಲ್ಲಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿತ್ತು, ಮನಸ್ಸು ತುಂಬಿತ್ತು. “ಈ ಶಾಲು ನನ್ನದಲ್ಲ” ಎಂದೆ. “ತನ್ನ ಕುರಿ ಹೋದರೂ ಬಾಯಿ ಬಿಡದ ಒಬ್ಬ ಕುರಿಗಾರನದು.” ಆಮೇಲೆ ಅವನ ಹೆಸರು ಹೇಳಿದೆ. ಅಪ್ಪನ ಹೆಸರು ಸೇರಿಸಿ, ವಸ್ತಿಯ ಹೆಸರು ಸೇರಿಸಿ, ಗೌರವದಿಂದ, ಸ್ಪಷ್ಟವಾಗಿ ಹೇಳಿದೆ. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಆ ಚಪ್ಪಾಳೆ ನನಗೆ ತುಂಬ ಹಿತವಾಯಿತು, ಸುಳ್ಳೇಕೆ ಹೇಳಲಿ.

ಸಭಾಗೃಹದ ಹೊರಗೆ ಚಹಾ ಕುಡಿಯುವಾಗ ರಮ್ಯಾ ನನ್ನನ್ನು ಪಕ್ಕಕ್ಕೆ ಕರೆದಳು.

“ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಆ ಕುರಿಗಾರರ ಹೆಸರು, ಊರು ಎರಡೂ ಹೇಳ್ಬಿಟ್ರಿ.”

ನಾನು ಚಹಾದ ಲೋಟ ಕೆಳಗಿಟ್ಟೆ. ಬೆಟ್ಟದ ಗೆರೆ ಮುಚ್ಚಿದ್ದೆ, ಕಂಬ ಮುಚ್ಚಿದ್ದೆ. ದಾರಿ ತೋರಿಸುವ ಮನುಷ್ಯನನ್ನೇ ವಿಳಾಸ ಸಮೇತ ಇನ್ನೂರು ಜನರ ಕೈಗೆ ಕೊಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ವಿಡಿಯೋ ಲೈವ್ ಹೋಗ್ತಾ ಇತ್ತು. ಈಗ ತೆಗ್ದಿದೀನಿ” ಎಂದಳು ರಮ್ಯಾ. “ಆದ್ರೆ ಹಾಲ್‌ನಲ್ಲಿ ಕೇಳಿದೋರು ಕೇಳೇ ಇದಾರೆ. ಬೆಳಿಗ್ಗೆ ಐದಕ್ಕೆ ಹೊರಟ್ರೆ ನಾವೇ ಮೊದ್ಲು ರೀಚ್ ಆಗ್ತೀವಿ. ಅವರಿಗೆ ಹೇಳ್ಬಿಟ್ಟು ಬರೋಣ, ನಡೀರಿ.”

ನಾನು ಅವಳ ಮುಖ ನೋಡಿದೆ. ಆಮೇಲೆ ಅವಳ ಹೆಗಲ ಚೀಲ ನೋಡಿದೆ. ಇವಳಿಗೂ ಜಾಗವೇ ಬೇಕು, ನನ್ನ ಬಾಯಿಂದ ಬಿದ್ದದ್ದನ್ನೇ ನೆಪ ಮಾಡಿಕೊಂಡಿದ್ದಾಳೆ ಅನ್ನಿಸಿತು. “ಬೇಡ, ಫೋನ್ ಮಾಡುತ್ತೇನೆ” ಎಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಅವಳ ಕಣ್ಣು ಒಂದು ಗಳಿಗೆ ನನ್ನ ಕಣ್ಣಿನ ಹಾದಿಯನ್ನೇ ಹಿಡಿದು ತನ್ನ ಚೀಲದ ತನಕ ಹೋಗಿ ಬಂತು.

ಮಾಳಪ್ಪನ ಫೋನು ಬಂದ್ ಆಗಿತ್ತು. ಅವನು ಎರಡು ದಿನಕ್ಕೊಮ್ಮೆ ಯಾರದೋ ಅಂಗಡಿಯಲ್ಲಿ ಚಾರ್ಜ್ ಮಾಡಿಸುತ್ತಾನೆ. ಸೋಮವಾರ ಬೆಳಿಗ್ಗೆ ಮಳಗಿಯವರ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಏಳು ಸಲ ಪ್ರಯತ್ನಿಸಿದೆ. “ಉಣ್ಣೋ ಮುಂದ ಫೋನ್ ಬದಿಗಿಡ್ರಿ, ತೋಳ ಎಲ್ಲಿ ಓಡಿ ಹೋಗ್ತಾವ್ರಿ?” ಎಂದು ಮಳಗಿಯವರು ಚೇಷ್ಟೆ ಮಾಡಿದರು. ನಗು ಬರಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ವಾಪಸು ರೈಲು. ಹೊರಡುವ ಮೊದಲು ರಮ್ಯಾಳ ಬಗ್ಗೆ ಕೇಳಿದೆ.

“ಅಕೀನಾ? ಕೆರೀ ಹಕ್ಕಿ ಎಣಿಸ್ತಾಳ್ರಿ, ಪ್ರತಿ ಶನಿವಾರ” ಎಂದರು ಮಳಗಿ. “ಮೂರು ವರ್ಷಾತು, ಎಲ್ಲಿ ಎಣಿಸ್ತಾಳಂತ ನಮಗೂ ಹೇಳಿಲ್ಲ. ಭಾಳ ಗಟ್ಟಿ ಹುಡುಗಿ.”

ಮಾಳಪ್ಪನ ಫೋನು ಸಿಕ್ಕಿದ್ದು ರೈಲು ಸಾತಾರಾ ಬಿಟ್ಟ ಮೇಲೆ. ಅವನ ದನಿ ಖುಷಿಯಾಗಿತ್ತು.

“ಬಾಯಿ, ನಿಮ್ಮ ಮಂದಿ ಬಂದಿದ್ರು! ಹೊತ್ತು ಹೊಂಡೂಕಿಂತ ಮೊದಲ, ಎರಡು ಗಾಡಿ, ಹಸರ ಅಂಗೀ ಮಂದಿ. ನನ್ನ ಹೆಸರಾ, ನಮ್ಮಪ್ಪನ ಹೆಸರಾ ಸೈತ ಹೇಳಿದ್ರು. ದೊಡ್ಡ ಸಭಾದಾಗ ನೀವ ನನ್ನ ಹೆಸರು ತಗದ್ರಂತ. ಮಾಡಿದ್ದು ಸಾರ್ಥಕ ಆತ ನೋಡ್ರಿ.”

“ಗವಿ ತೋರಿಸಿದೆಯಾ?”

“ತೋರಿಸ್ದೆ. ಚೊಲೋ ಕನ್ನಡ ಮಾತಾಡಿದ್ರು, ಬಾಯೀನ ಕಳಿಸ್ಯಾರ ಅಂದ್ರು. ಮತ್ತ ಹೆಂಗ ಒಲ್ಲೆ ಅನ್ನಲಿ? ದೂರ ನಿಂದರ್ರಿ ಅಂದೆ, ಕೇಳಲಿಲ್ಲ. ಒಬ್ಬಾಂವ ಗವೀ ಬಾಯಿಗೇ ಬಗ್ಗಿ ಫೋಟೋ ಹೊಡದ. ಅವರು ಹೋದ ಮ್ಯಾಲ ಅವ್ವ ಬಂದು ಒಂದೊಂದ ಮರೀ ಕಚಗೊಂಡು ಹೊಂಟ್ಲು. ಎರಡು ಒಯ್ದಾಳ. ಮೂರನೇದಕ್ಕ ಬರೂದ್ರಾಗ ಕಬ್ಬು ಕಡಿಯೋ ಮಂದಿ ನಾಯಿ ಬಂದೂವು.”

ತಪ್ಪು ನನ್ನದು ಎಂದೆ. ನನ್ನದೇ, ನಿನ್ನದಲ್ಲ ಎಂದು ಎರಡು ಸಲ ಹೇಳಿದೆ. ಬೋಗಿಯವರು ತಿರುಗಿ ನೋಡಿದರು.

“ಇನ್ನ ಮುಂದ ಹೆಂಗ ಮಾಡ್ಲಿ? ಯಾರರೆ ಬಂದ್ರ?” ಎಂದು ಕೇಳಿದ.

“ಯಾರಿಗೂ ತೋರಿಸಬೇಡ.”

“ನಿಮ್ಮ ಹೆಸರು ಹೇಳಿದ್ರ?”

“ನನ್ನ ಹೆಸರು ಹೇಳಿದವರಿಗಂತೂ ಬೇಡ.”

ಅವನ ಕಡೆಯಿಂದ ಕುರಿಗಳ ಕೂಗು ಕೇಳುತ್ತಿತ್ತು. ಆಮೇಲೆ, ವ್ಯಂಗ್ಯವೇನೂ ಇಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದ: “ನೀವ ಬಂದ್ರ?”

ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಸರಿಯುತ್ತಿದ್ದವು. “ನನಗೂ ಬೇಡ” ಎಂದೆ.

“ಹೌದ್ರಿ” ಎಂದು ಮಾಳಪ್ಪ ಫೋನು ಇಟ್ಟ.