ಸಿಂಹದ ಮೂತಿಯ ಮೇಲೆ ಕರಟ

ಹುಬ್ಬಳ್ಳಿಯ ಹತ್ತಿ ಅಂಗಡಿಗೆ ಹೊಸದಾಗಿ ಗುಮಾಸ್ತನಾಗಿ ಸೇರಿದ ಹುಚ್ಚಪ್ಪ (ಇದನ್ನು ಬರೆಯುತ್ತಿರುವ ಮಹಾಶಯನೂ ಅವನೇ, ಹೆಸರಿಟ್ಟವರಿಗೆ ದೂರದೃಷ್ಟಿಯಿತ್ತು) ಮೊದಲ ವಾರವೆಲ್ಲ ಗೋಣಿತಟ್ಟಿನಲ್ಲಿ ಬಿಗಿದ ಹತ್ತಿ ಬೇಲುಗಳಿಗೆ ಕೈಮುಗಿದ. ಪ್ರತಿ ಬೇಲಿನ ಮೇಲೂ ಒಂದು ಕರಿ ದುಂಡು, ಕೆಳಗೆ ಮೂರು ಅಡ್ಡಗೆರೆ. ಲಿಂಗ, ವಿಭೂತಿ! ಸಾವಕಾರ ನೀಲಕಂಠಪ್ಪನವರ ಭಕ್ತಿಯೇ ಭಕ್ತಿ ಎಂದುಕೊಂಡ. ಕಡೆಗೆ ಮದೀನಾಬಿಗೆ ನೋಡಲಾಗಲಿಲ್ಲ.

"ಏ ತಮ್ಮಾ, ಅದು ತೆಂಗಿನ ಕರಟಾ. ಕೆಳಗಿನವು ನನ್ನ ಬೆರಳು. ಕೈ ಮುಗಿಯೂದಿದ್ರ ನನಗs ಮುಗಿ."

ಬೇಲುಗಳಿಗೆ ಗುರುತು ಹಾಕುವಾಕೆ ಮದೀನಾಬಿ. ದೀಪದ ಮಸಿಗೆ ಅಗಸಿ ಎಣ್ಣೆ ಕಲಸಿ, ಕರಟದ ಬಾಯಿ ಅದ್ದಿ ಒತ್ತುವಳು. ಕೆಳಗೆ ಮೂರು ಬೆರಳು ಎಳೆಯುವಳು. ಹಮಾಲನಾಗಿದ್ದ ಗಂಡ ತೀರಿದ ಮೇಲೆ ಅಂಗಡಿಗೆ ಬಂದವಳು. ಓದು ಬಾರದ ಹಮಾಲರಿಗೆ ಮಾಲು ತಿಳಿಯಲೆಂದು ತಾನೇ ಹುಟ್ಟಿಸಿದ ಮಾರ್ಕಾ ಅದು. ಜಗಳಕ್ಕೆ ನಿಂತಳೆಂದರೆ ಸಾವಕಾರರೂ ಒಳಗೆ ಹೋಗಿ ಎಲೆಯಡಿಕೆ ಹುಡುಕುತ್ತಿದ್ದರು.

೧೯೩೬ರ ಸುಗ್ಗಿಗೆ ಸಾವಕಾರರ ಮಗ ಗುರುಶಿದ್ದಪ್ಪ ಮುಂಬಯಿಯಿಂದ ತಗಡಿನ ಅಚ್ಚು ತಂದ. ಕಿರೀಟ ತೊಟ್ಟ ಸಿಂಹ, ಅದರ ಕಾಲಡಿ ಇಂಗ್ಲಿಷಿನಲ್ಲಿ ಅಂಗಡಿಯ ಹೆಸರು.

"ಇನ್ನ ಮ್ಯಾಲೆ ಇದs ಮಾರ್ಕಾ. ಹಮಾಲರs ಒತ್ತತಾರ. ನೀ ಮನ್ಯಾಗ ಆರಾಮ ಇರು, ಮದೀನಾಬಿ."

"ಮನ್ಯಾಗ ಏನ ಒತ್ತಲ್ರಿ ಸಣ್ಣ ಸಾವಕಾರ್ರ, ರೊಟ್ಟಿಗೆ ಸಿಂಹಾ?"

ಹುಚ್ಚಪ್ಪ ಮಾತ್ರ ಸಿಂಹವನ್ನು ಬಾಯ್ತುಂಬ ಹೊಗಳಿದ. ಪಗಾರ ಕೊಡುವವರ ಸಿಂಹ ಯಾವತ್ತೂ ಛಲೋ.

ಆದರೆ ಅಚ್ಚಿನವನು ಉಳಿದ ಅಂಗಡಿಗಳಿಗೂ ಸಿಂಹವನ್ನೇ ಮಾರಿದ್ದ. ಗೋಣಿತಟ್ಟಿನ ಮೇಲೆ ಮಸಿ ಹರಡಿ, ಕಾಲಡಿಯ ಹೆಸರೂ ಕಲಸಿಹೋಗಿ, ಎಲ್ಲ ಸಿಂಹಗಳೂ ಮಳೆಯಲ್ಲಿ ತೊಯ್ದ ನಾಯಿಗಳಂತೆ ಕಂಡವು. ಸ್ಟೇಶನ್ನಿನಲ್ಲಿ ಹಮಾಲ ಹಜರತಅಲಿ ತಲೆ ಕೆರೆದುಕೊಂಡ: "ಗುಮಾಸ್ತರ, ಇದರಾಗ ನಮ್ಮ ನಾಯಿ ಯಾವ್ದರಿ?" ಹುಚ್ಚಪ್ಪ ಧೈರ್ಯವಾಗಿ ತೋರಿಸಿದ್ದು ಪಕ್ಕದ ಅಂಗಡಿಯ ನಾಯಿಯನ್ನು. ನೀಲಕಂಠಪ್ಪನವರ ಹೆಸರಲ್ಲಿ ಯಾರದೋ ಹತ್ತಿ ಮುಂಬಯಿಗೆ ಹೋಯಿತು, ಅವರ ಹತ್ತಿ ಯಾರ ಪಾಲಾಯಿತೋ.

ಮರುದಿನ, ಯಾರೂ ಕರೆಯದೆ ಬಂದ ಮದೀನಾಬಿ ಅಂಗಳದಲ್ಲಿ ಸಾಲಾಗಿ ನಿಂತ ಬೇಲುಗಳ ಮೇಲೆ ಒಂದೊಂದೇ ಸಿಂಹದ ಮೂತಿಗೆ ಕರಟ ಒತ್ತತೊಡಗಿದಳು. ತಡೆಯಲು ಹೋದ ಹುಚ್ಚಪ್ಪನ ಅಂಗಿಗೂ ಮೂರು ಗೆರೆ ಬಿದ್ದವು.

ಗುರುಶಿದ್ದಪ್ಪ ಓಡಿ ಬಂದ. "ಯಾರನ್ನ ಕೇಳಿ ಹಾಕಾಕತ್ತಿ?"

"ಮಾಲು ಕಳಕೊಂಡವರನ್ನ ಏನ ಕೇಳೂದ್ರಿ?"

ಅವನ ಮುಖ ಕೆಂಪಾಯಿತು. "ನಿನಗೂ ವಯಸ್ಸಾತು. ನಾಳೆ ನೀ ಸತ್ತರ ಈ ಮಾರ್ಕಾ ಯಾರು ಹಾಕ್ತಾರ?"

ಅಂಥದ್ದನ್ನು ಎದುರಿಗೇ ಯಾರಾದರೂ ಕೇಳುತ್ತಾರೆಯೇ? ಮದೀನಾಬಿ ಮುಂದಿನ ಸಿಂಹಕ್ಕೆ ಕರಟ ಒತ್ತಿದಳು.

"ಕೈಗೆ ಬೆರಳಿದ್ದವರು ಹಾಕ್ತಾರ್ರಿ. ನಿಮ್ಮ ತಗಡು ಮುರದ್ರ ನೀವು ಮುಂಬಯಿಗೆ ಓಡ್ಬೇಕು."